ಮಣ್ಣು ಕೇಳಿದವನು

ನನ್ನ ಹೆಸರು ತುಳಜಮ್ಮ. ಇಪ್ಪತ್ತೆರಡು ವರ್ಷ ನಾಗಪುರದ ಒಂದು ಸರಕಾರಿ ಕಾರ್ಖಾನೆಯಲ್ಲಿ ಕಕ್ಕಸು ತೊಳೆದಿದ್ದೇನೆ. ಈಗ ಸರಕಾರಕ್ಕೆ ನಾನು ಮಾದಿಗರವಳು ಹೌದೋ ಅಲ್ಲವೋ ಎಂದು ಅನುಮಾನ ಬಂದಿದೆ.

ಅನುಮಾನ ಬಂದವರು ಒಂದು ದಿನ ನನ್ನ ಜೊತೆ ಬರಬೇಕಿತ್ತು. ಬೆಳಿಗ್ಗೆ ಆರಕ್ಕೆ ಎರಡನೇ ಶೆಡ್ಡಿನ ಹಿಂದಿನ ಸಂಡಾಸು. ಹದಿನಾಲ್ಕು ಬಾಗಿಲು. ಬೇಸಿಗೆಯಲ್ಲಿ ನೀರು ಬರುವುದಿಲ್ಲ, ಗಂಡಸರು ಮಾತ್ರ ತಪ್ಪದೆ ಬರುತ್ತಾರೆ. ಆಸಿಡ್ ಸುರಿದು ತಿಕ್ಕಬೇಕು. ಕಣ್ಣು ಉರಿಯುತ್ತದೆ, ಗಂಟಲು ಕಟ್ಟುತ್ತದೆ, ಉಗುರಿನ ಸುತ್ತ ಚರ್ಮ ಸುಲಿಯುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನನ್ನ ಕೈಗೆ ಹತ್ತಿದ್ದು ಕೆಸರಲ್ಲ. ಕ್ಯಾಂಟೀನಿನಲ್ಲಿ ನನಗೆ ಬೇರೆ ಲೋಟ ಇಟ್ಟಿಲ್ಲ, ಹಾಗೆ ಇಡಬಾರದೆಂದು ಕಾಯಿದೆ ಇದೆಯಲ್ಲ. ಆದರೆ ನಾನು ಕುಡಿದಿಟ್ಟ ಲೋಟವನ್ನು ಅಲ್ಲಿಯ ಕೆಲಸದವನು ಎರಡೇ ಬೆರಳಲ್ಲಿ ಎತ್ತುತ್ತಾನೆ. ಇಪ್ಪತ್ತೆರಡು ವರ್ಷದಿಂದ ಹಾಗೆಯೇ ಎತ್ತಿದ್ದಾನೆ. ಅವನಿಗೆ ಒಂದು ದಿನವೂ ಅನುಮಾನ ಬಂದಿಲ್ಲ.

ಯಾರೋ ಅರ್ಜಿ ಹಾಕಿದ್ದರು. ಕೆಳಗೆ ಸಹಿಯಿಲ್ಲ, ಹೆಸರಿಲ್ಲ. ತುಳಜಮ್ಮ ಭೀಮಪ್ಪ ಎಂಬ ಸಫಾಯಿ ಕೆಲಸದವಳು ಹಿಂದೂ ಮಾದಿಗ ಎಂದು ಸರ್ಟಿಫಿಕೇಟ್ ಕೊಟ್ಟು ಮೀಸಲು ನೌಕರಿ ಹಿಡಿದಿದ್ದಾಳೆ, ಆಕೆ ಅಸಲಿಗೆ ಕ್ರಿಶ್ಚಿಯನ್, ಪ್ರತಿ ರವಿವಾರ ಪ್ರಾರ್ಥನೆಗೆ ಹೋಗುತ್ತಾಳೆ, ಆಕೆಯ ನೌಕರಿ ತೆಗೆಯಬೇಕು, ಇಷ್ಟು ಬರೆದಿತ್ತು.

ಬರೆದದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಅದೇ ನನ್ನ ಸಂಕಟ.

ಕಾಯಿದೆ ಹೀಗಿದೆ. ಮಾದಿಗರವಳು ಹಿಂದೂ ಆಗಿ ಉಳಿದರೆ ಮಾದಿಗರವಳು. ಸಿಖ್ಖಳಾದರೂ ಬೌದ್ಧಳಾದರೂ ಕಾಗದದ ಮೇಲೆ ಆಕೆಯ ಜಾತಿ ಉಳಿಯುತ್ತದೆ, ಮೀಸಲಾತಿ ಉಳಿಯುತ್ತದೆ. ಏಸುವಿನ ಹೆಸರು ಹೇಳಿದಳೋ, ಎಲ್ಲ ಹೋಯಿತು. ಅಂದರೆ ದೀಕ್ಷಾಸ್ನಾನದ ನೀರು ತಲೆಗೆ ಬಿದ್ದ ಗಳಿಗೆಯಲ್ಲೇ ನಮ್ಮ ಅಸ್ಪೃಶ್ಯತೆಯೆಲ್ಲ ತೊಳೆದುಹೋಗುತ್ತದೆ ಎಂದು ಸರಕಾರ ನಂಬಿದೆ. ನಮ್ಮ ಪಾಸ್ಟರ್ ಕೂಡ ಅಷ್ಟು ನಂಬುವುದಿಲ್ಲ. ಸರಕಾರದ ವಿಶ್ವಾಸ ಅವರಿಗಿಂತ ದೊಡ್ಡದು.

ದಸರೆಯ ದಿನ ಈ ಊರಲ್ಲಿ ಲಕ್ಷಗಟ್ಟಲೆ ಜನ ಬಿಳಿ ಬಟ್ಟೆ ಉಟ್ಟು, ಬಾಬಾಸಾಹೇಬರು ಬೌದ್ಧರಾದ ದೀಕ್ಷಾಭೂಮಿಗೆ ನಡೆಯುತ್ತಾರೆ. ನನ್ನ ಜೊತೆ ಕಸ ಹೊಡೆಯುವ ಹೆಂಗಸರೂ ಹೋಗುತ್ತಾರೆ. ಎದೆ ತುಂಬಿ ಜೈಭೀಮ್ ಅನ್ನುತ್ತಾರೆ. ನನಗೆ ಹೊಟ್ಟೆಕಿಚ್ಚಿಲ್ಲ. ಬಾಬಾಸಾಹೇಬರು ನಮಗೂ ತಂದೆಯೇ, ನಾನೂ ಅವರ ಜೊತೆ ನಡೆದಿದ್ದೇನೆ. ಆದರೆ ರವಿವಾರ ನನ್ನ ದೇವರ ಕಡೆಗೆ ನಾನು ಕಳ್ಳಿಯ ಹಾಗೆ ಹೋಗುತ್ತಿದ್ದೆ. ನಮ್ಮ ಕ್ವಾರ್ಟರ್ಸಿನ ಹತ್ತಿರವೇ ಕ್ರಿಶ್ಚಿಯನ್ನರ ಪ್ರಾರ್ಥನೆಯ ಒಂದು ಸಭೆ ಇದೆ, ಅಲ್ಲಿಗೆ ಕಾಲಿಡುತ್ತಿರಲಿಲ್ಲ. ಎರಡು ಬಸ್ಸು ಹತ್ತಿ ಮನೀಶ್ ನಗರದ ಆಚೆಯ ಸಭೆಗೆ ಹೋಗುತ್ತಿದ್ದೆ. ಚೀಲದಲ್ಲಿ ಮೇಲೆ ಮೆಂತ್ಯ ಸೊಪ್ಪು, ಕೆಳಗೆ ಸತ್ಯವೇದ. ಯಾರಾದರೂ ಕೇಳಿದರೆ ಬಜಾರಿಗೆ ಅನ್ನುತ್ತಿದ್ದೆ.

ಇಷ್ಟೆಲ್ಲ ಯಾಕೆ ಬೇಕಿತ್ತು ಎಂದು ಕೇಳುವವರಿಗೆ ಒಂದು ಮಾತು ಹೇಳುತ್ತೇನೆ. ಮದುವೆಯಾಗಿ ಬೀದರ ಕಡೆಯ ಅತ್ತೆಯ ಮನೆಗೆ ಹೋದಾಗ ನನಗೆ ಹದಿನೆಂಟು. ನನ್ನ ತೌರಿನವರು ಹೊಲದಲ್ಲಿ ದುಡಿದರೆ ಗೌಡರ ಮನೆಯವರು ರೊಟ್ಟಿಯನ್ನು ಮೇಲಿನಿಂದ ಬಿಡುತ್ತಿದ್ದರು, ನಾವು ಸೆರಗೊಡ್ಡಿ ಹಿಡಿಯುತ್ತಿದ್ದೆವು. ಅತ್ತೆಯ ಮನೆಯವರು ಮೂರು ತಲೆಮಾರಿನಿಂದ ಏಸುವನ್ನು ನಂಬಿದವರು. ದೀಕ್ಷಾಸ್ನಾನವಾದ ಮೇಲೆ ಮೊದಲ ರವಿವಾರ ಪಾಸ್ಟರ್ ರೊಟ್ಟಿಯ ತುಂಡು ಹಿಡಿದು ಬಂದರು. ನಾನು ಅಭ್ಯಾಸಬಲದಿಂದ ಸೆರಗೊಡ್ಡಿದೆ. ಅವರು ನನ್ನ ಕೈ ಹಿಡಿದು, ಅಂಗೈ ಬಿಡಿಸಿ, ಅದರ ಮೇಲೆ ರೊಟ್ಟಿ ಇಟ್ಟರು. ಇದು ನಿನಗೋಸ್ಕರ ಮುರಿದದ್ದು ಅಂದರು. ನನಗೆ ಬೇರೆ ಉಪದೇಶ ಬೇಕಾಗಲಿಲ್ಲ.

ಆಮೇಲೆ ಹೊಟ್ಟೆಪಾಡು. ಹೆಸರು ದೇವಿಯದು, ತುಳಜಮ್ಮ, ತಾಲೂಕು ಕಚೇರಿಯಿಂದ ಹಿಂದೂ ಮಾದಿಗ ಎಂದು ಸರ್ಟಿಫಿಕೇಟ್ ಸಿಕ್ಕಿತು, ಕೈಗೆ ಕಸಬರಿಗೆ ಸಿಕ್ಕಿತು. ಗಂಡ ಭೀಮಪ್ಪ ನನ್ನ ಜೊತೆ ನಾಗಪುರಕ್ಕೆ ಬಂದ. ಉಮರೇಡ್ ಕಡೆ ಗಣಿಯಲ್ಲಿ ಕಲ್ಲಿದ್ದಲು ತುಂಬುವ ಗುತ್ತಿಗೆ ಕೆಲಸ ಹಿಡಿದ. ಹದಿಮೂರು ವರ್ಷ ತುಂಬಿದ. ಲಾರಿಗೆ ಎಷ್ಟು ಹೋಯಿತೋ ಅವನ ಎದೆಯೊಳಗೂ ಅಷ್ಟು ಹೋಯಿತು.

ಸಾಯುವ ಹಿಂದಿನ ದಿನ ಆಸ್ಪತ್ರೆಯಲ್ಲಿ ಅವನಿಗೆ ಉಸಿರು ಸಿಗುತ್ತಿರಲಿಲ್ಲ. ಒಂದೊಂದು ಮಾತಿಗೂ ನಿಲ್ಲುತ್ತಿದ್ದ. "ತುಳಜಾ, ನನ್ನ ಸುಡಬ್ಯಾಡ. ಮಣ್ಣಾಗ ಇಡು. ಪಾಸ್ಟರಿಗೆ ಕರಸು. ನಮ್ಮ ಹಾಡು ಹಾಡಿಸು. ಬದುಕಿದ್ದಾಗಂತೂ ಕದ್ದು ಬಾಳಿದೆವು."

ನಾನು ಆಯಿತು ಅಂದೆ.

ಮಾರನೆಯ ದಿನ ಹತ್ತು ಗಂಟೆಗೆ ಅವನು ಹೋದ. ಹನ್ನೊಂದಕ್ಕೆ ಕಾರ್ಖಾನೆಯವರು ಬಂದರು. ಒಳ್ಳೆಯವರು, ತಪ್ಪು ಹೇಳಬಾರದು. ಬಿದಿರು ಅವರೇ ತಂದರು, ಹೂವು ಅವರೇ ತಂದರು. ನಮ್ಮ ಆಫೀಸಿನ ಕ್ಲರ್ಕು ಗುಂಡಪ್ಪನವರು, ವಿಜಯಪುರದ ಕಡೆಯವರು, ಹೆಣ ಸುಡುವ ಘಾಟಿನಲ್ಲಿ ಎಲ್ಲ ವ್ಯವಸ್ಥೆ ಮಾಡಿ ಬಂದಿದ್ದರು. ಸುಡುವುದೋ ಹೂಳುವುದೋ ಎಂದು ಒಬ್ಬರೂ ಕೇಳಲಿಲ್ಲ. ಒಬ್ಬರು ಕೇಳಿದ್ದರೂ ಹೇಳುತ್ತಿದ್ದೆನೇನೋ. ಸುಳ್ಳು, ಹೇಳುತ್ತಿರಲಿಲ್ಲ. ಬಾಯಿ ತೆರೆದರೆ ನೌಕರಿ ಹೋಗುತ್ತದೆ, ನೌಕರಿಯ ಹಿಂದೆ ಕ್ವಾರ್ಟರ್ಸು ಹೋಗುತ್ತದೆ, ಹನ್ನೆರಡು ವರ್ಷದ ಮಗಳನ್ನು ಕಟ್ಟಿಕೊಂಡು ಎಲ್ಲಿ ನಿಲ್ಲಲಿ. ಸೆರಗು ಬಾಯಿಗೆ ತುರುಕಿಕೊಂಡು ಹಿಂದೆ ನಡೆದೆ. ಗಂಡುಮಕ್ಕಳಿಲ್ಲವೆಂದು ಮಗಳು ನಮ್ರತಾಳ ಕೈಯಲ್ಲೇ ಕೊಳ್ಳಿ ಕೊಟ್ಟರು. ಆಕೆ ನನ್ನ ಮುಖ ನೋಡಿದಳು. ನಾನು ಹೂಂ ಎಂದು ತಲೆ ಆಡಿಸಿದೆ.

ಅತ್ತೆ ಲಕ್ಷ್ಮವ್ವ ಊರಿಂದ ಬರುವಷ್ಟರಲ್ಲಿ ಬೂದಿಯ ಒಂದು ಮಡಿಕೆ ಉಳಿದಿತ್ತು. "ನನ್ನ ಮಗನ ಮಾರಿ ತೋರ್ಸು" ಅಂದಳು. ನಾನು ಮಡಿಕೆ ತೋರಿಸಿದೆ. ಯಾಕೆ ಸುಟ್ಟೆ ಎಂದು ಕೇಳಿದಳು. ಆಗ ನಾನು ನನ್ನ ಜೀವಮಾನದ ದೊಡ್ಡ ಸುಳ್ಳು ಹೇಳಿದೆ. ಅವರೇ ಹಾಗೆ ಹೇಳಿ ಹೋದರು, ನೌಕರಿ ಉಳಿಸಿಕೋ, ನನ್ನ ಸುಟ್ಟುಬಿಡು ಅಂದರು ಎಂದೆ.

ಆಕೆ ನಂಬಿದಳು. ನಂಬಿದ್ದಷ್ಟೇ ಅಲ್ಲ, ನಮ್ಮ ಜೊತೆಯೇ ಉಳಿದು ಅದರ ಮೇಲೆಯೇ ಎಂಟು ವರ್ಷ ಬದುಕಿದಳು. ನಮ್ಮ ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳುವ ರೂಢಿಯಿದೆ, ದೇವರು ತನಗೆ ಮಾಡಿದ್ದನ್ನು ಎಲ್ಲರೆದುರು ಹೇಳುವುದು. ಅತ್ತೆ ವರ್ಷಕ್ಕೊಮ್ಮೆ ಏಳುತ್ತಿದ್ದಳು. "ನನ್ನ ಮಗ ಹೆಂಡ್ತಿ ಮಕ್ಕಳ ಹೊಟ್ಟಿ ಸಲುವಾಗಿ ತಾನೇ ಬೆಂಕಿ ಕೇಳ್ಕೊಂಡ. ಏಸಪ್ಪನಂಥ ಮನಸ್ಸು ಅವನದು" ಎಂದು ಹೇಳಿ ಕೂರುತ್ತಿದ್ದಳು. ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಚಾಪೆಯ ಎಳೆ ಕೀಳುತ್ತಿದ್ದೆ. ಈ ಎಂಟು ವರ್ಷದಲ್ಲಿ ನಾನು ಒಮ್ಮೆಯೂ ಎದ್ದಿಲ್ಲ.

ಅರ್ಜಿಯ ಚೌಕಶಿ ಮಾಡುವ ಸಾಹೇಬರು ಮನೆಗೇ ಬಂದು ವಿಚಾರಿಸುತ್ತಾರೆ ಎಂದು ಗುಂಡಪ್ಪನವರು ಎಂಟು ದಿನ ಮೊದಲೇ ಬಂದು ತಿಳಿಸಿದರು. ಗೋಡೆಗೆ ತುಳಜಾಭವಾನಿಯ ಫೋಟೋ ಹಾಕಿಸಿದರು. ನನಗೆ, ಮಗಳಿಗೆ, ಅತ್ತೆಗೆ ಏನು ಹೇಳಬೇಕು ಎಂದು ಬಾಯಿಪಾಠ ಮಾಡಿಸಿದರು.

"ಬಾಯಿ ಬಿಟ್ರ ಬಣ್ಣಗೇಡು, ತುಳಜಮ್ಮ. ಸಾಹೇಬರು ಕೇಳಿದ್ದಕ್ಕಷ್ಟೇ ಹೌದು ಅಲ್ಲ ಅನ್ರಿ. ಹಾವೂ ಸಾಯಬಾರದು, ಕೋಲೂ ಮುರೀಬಾರದು. ಒಳಗ ನೀವು ಯಾರಿಗೆ ಕೈ ಮುಗೀತೀರಿ, ಅದು ನಿಮ್ಮ ದೇವ್ರಿಗೆ ಗೊತ್ತಿರ್ತದ. ಆಫೀಸಿಗೆ ಯಾಕ ಗೊತ್ತಾಗಬೇಕು?"

ಅತ್ತೆಗೆ ಎಪ್ಪತ್ತಾರು. ಶಾಲೆಯ ಮಗುವಿನ ಹಾಗೆ ಕೂತು ಕಲಿತಳು. ಯಾವ ದೇವರು ಅಂದರೆ ಭವಾನಿ. ಯಾವ ಹಬ್ಬ ಅಂದರೆ ದಸರೆ, ದೀಪಾವಳಿ. ಒಂದೊಂದು ಸಲ ಹೇಳಿದಾಗಲೂ ಆಕೆಯ ದನಿ ಇಳಿಯುತ್ತಿತ್ತು. ಕೊನೆಗೆ ನನಗೆ ಹೇಳಿದಳು, "ನನ್ನ ಮಗ ಸುಟ್ಕೊಂಡು ಉಳ್ಸಿದ ನೌಕರಿ ಅಂತ ಹೇಳ್ತೀನವ್ವ. ಇಲ್ಲಂದ್ರ ನನ್ನ ಬಾಯಾಗ ಈ ಮಾತು ಬರ್ತಿದ್ದಿಲ್ಲ."

ಸಾಹೇಬರು ಮಂಗಳವಾರ ಮಧ್ಯಾಹ್ನ ಬಂದರು. ಐವತ್ತು ದಾಟಿದ ಮನುಷ್ಯ, ಸಣಕಲು, ಕಣ್ಣ ಕೆಳಗೆ ಕಪ್ಪು. ಹಿಂದಿಯಲ್ಲಿ ಮಾತಾಡಿದರು, ಗುಂಡಪ್ಪನವರು ಅತ್ತೆಗೆ ಕನ್ನಡದಲ್ಲಿ ತಿರುಗಿಸಿ ಹೇಳಿದರು. ಯಾವ ದೇವರು, ಭವಾನಿ. ಯಾವ ಹಬ್ಬ, ದಸರೆ. ಸರಿಯಾಗಿಯೇ ನಡೆಯಿತು. ನಮ್ರತಾ ಚಹಾ ತಂದಿಟ್ಟಳು. ಆಕೆಗೆ ಈಗ ಇಪ್ಪತ್ತು, ನರ್ಸಿಂಗ್ ಕಲಿಯುತ್ತಿದ್ದಾಳೆ. ಮುಂದಿನ ವರ್ಷ ಆಕೆಯೂ ಇದೇ ಸರ್ಟಿಫಿಕೇಟ್ ಹಿಡಿದು ನೌಕರಿ ಕೇಳಬೇಕು.

ಆಗ ಸಾಹೇಬರ ಮೊಬೈಲಿಗೆ ಫೋನು ಬಂತು. ಕೇಳಿಸಿಕೊಂಡರು, ಹಾಂ ಹಾಂ ಅಂದರು, ಇಟ್ಟರು. ಪೆನ್ನು ಕೆಳಗಿಟ್ಟರು. ಹೆಂಡತಿ ಆಸ್ಪತ್ರೆಯಲ್ಲಿದ್ದಾಳೆ, ಎರಡೂ ಮೂತ್ರಪಿಂಡ ಹೋಗಿವೆ, ಇವತ್ತು ಮತ್ತೆ ಜ್ವರವಂತೆ ಎಂದು ಗುಂಡಪ್ಪನವರಿಗೆ ಹೇಳಿದರು. ಅವರು ಅದನ್ನೂ ಅಭ್ಯಾಸದಂತೆ ಅತ್ತೆಗೆ ಕನ್ನಡದಲ್ಲಿ ಹೇಳಿಬಿಟ್ಟರು.

ಅತ್ತೆ ಎದ್ದಳು. ನಾನು ಹಿಡಿಯುವಷ್ಟರಲ್ಲಿ ಸಾಹೇಬರ ಹತ್ತಿರ ಹೋಗಿ ಅವರ ತಲೆಯ ಮೇಲೆ ಕೈಯಿಟ್ಟಳು. ನಮ್ಮವರಲ್ಲಿ ಯಾರಾದರೂ ಬೇನೆ ಎಂದರೆ ಮೊದಲು ಕೈ ಅಲ್ಲಿಗೇ ಹೋಗುತ್ತದೆ. ಎಂಟು ದಿನದ ಬಾಯಿಪಾಠ ಎಂಟು ಕ್ಷಣ ನಿಲ್ಲಲಿಲ್ಲ. ಕಣ್ಣು ಮುಚ್ಚಿದಳು. "ಏಸಪ್ಪಾ, ಈ ಮಗನ ಹೆಂಡ್ತಿಗಿ ಮುಟ್ಟು ತಂದೆ. ಆಕಿನ ಜ್ವರ ಇಳಸು. ಆಕಿಗಿ ಎಬ್ಬಿಸಿ ಮನಿಗಿ ಕಳಸು, ಏಸಪ್ಪಾ."

ನಮ್ರತಾ ಗೋಡೆಗೆ ಒರಗಿದಳು. ಗುಂಡಪ್ಪನವರು ಹಣೆ ಚಚ್ಚಿಕೊಂಡರು.

ಸಾಹೇಬರು ಅಲುಗಾಡಲಿಲ್ಲ. ಅತ್ತೆ ಆಮೆನ್ ಅನ್ನುವವರೆಗೂ ತಲೆ ತಗ್ಗಿಸಿಯೇ ಕೂತಿದ್ದರು. ಆಮೇಲೆ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

"ನನಗೆ ಕನ್ನಡ ಬರುವುದಿಲ್ಲ" ಎಂದರು ಹಿಂದಿಯಲ್ಲಿ. "ಅಜ್ಜಿ ಏನೋ ಆಶೀರ್ವಾದ ಮಾಡಿದರು. ನನಗೇನೂ ಅರ್ಥವಾಗಲಿಲ್ಲ."

ಅರ್ಥವಾಗಿತ್ತು. ಏಸು ಎಂಬ ಹೆಸರಿಗೆ ಯಾವ ಭಾಷೆಯಾದರೇನು. ಆ ಮನುಷ್ಯ ನಮ್ಮನ್ನು ಉಳಿಸಲು ನಿಶ್ಚಯಿಸಿದ್ದರು. ನಾನು ಅವರ ಕಾಲು ಹಿಡಿಯುವುದೊಂದು ಬಾಕಿ.

ಅವರು ಕಾಗದ ಎಳೆದುಕೊಂಡು ಜಲ್ದಿ ಜಲ್ದಿ ಬರೆದರು. ಬರೆಯುತ್ತಲೇ ಒಳ್ಳೆಯ ಸುದ್ದಿ ಹೇಳುವವರ ಹಾಗೆ ಹೇಳಿದರು. "ನಿಮ್ಮ ಗಂಡನ ದಹನದ ರಸೀದಿ ಫೈಲಿನಲ್ಲಿದೆ. ಇದಕ್ಕಿಂತ ಗಟ್ಟಿ ಪುರಾವೆ ಇಲ್ಲ. ಕ್ರಿಶ್ಚಿಯನ್ನರು ಹೂಳುತ್ತಾರೆ, ನೀವು ಸುಟ್ಟಿದ್ದೀರಿ. ಕೇಸು ಇಲ್ಲಿಗೆ ಮುಗಿಯಿತು."

ಹೇಳಿಕೆ ಓದಿದರು. ನಾವು ಹಿಂದೂಗಳು, ಕ್ರಿಶ್ಚಿಯನ್ ಧರ್ಮಕ್ಕೂ ನಮಗೂ ಸಂಬಂಧವಿಲ್ಲ, ನನ್ನ ಗಂಡ ದಿವಂಗತ ಭೀಮಪ್ಪನವರ ಅಂತ್ಯಕ್ರಿಯೆ ಅವರ ಕೊನೆಯ ಇಚ್ಛೆಯಂತೆ ಹಿಂದೂ ಪದ್ಧತಿಯಲ್ಲಿ ದಹನದಿಂದ ಆಯಿತು. ನನ್ನ ಸಹಿ, ಸಾಕ್ಷಿಯಾಗಿ ಅವರ ತಾಯಿಯ ಹೆಬ್ಬೆಟ್ಟು.

ಗುಂಡಪ್ಪನವರು ಇಂಕಿನ ಡಬ್ಬಿ ತೆರೆದು ಅತ್ತೆಯ ಹೆಬ್ಬೆರಳಿಗೆ ಮಸಿ ಹಚ್ಚಿದರು. "ಏನಿಲ್ಲ ಅವ್ವ, ಸುಮ್ಮ ಒತ್ತ್ರಿ" ಅಂದರು.

ಅತ್ತೆ ಬೆರಳು ಎತ್ತಿ ಹಿಡಿದುಕೊಂಡು ನನ್ನ ಕಡೆ ತಿರುಗಿದಳು. "ಭೀಮಂದು ಹೆಸರು ಬಂತಲ್ಲ ಅದ್ರಾಗ. ಅವಂದು ಏನು ಬರದಾರ? ತುಳಜಾ, ನೀ ಹೇಳು."

ಹಿಂದಿಯಲ್ಲಿ ನಾನು ಇಪ್ಪತ್ತೆರಡು ವರ್ಷ ಸುಳ್ಳು ಹೇಳಿದ್ದೆ. ಮರಾಠಿಯಲ್ಲಿ ಹೇಳಿದ್ದೆ. ಅದು ಹೊಟ್ಟೆಯ ಸುಳ್ಳು. ಕನ್ನಡದಲ್ಲಿ, ಇವಳ ಮುಖ ನೋಡಿ, ಒಂದೇ ಸಲ ಹೇಳಿದ್ದೆ. ಈಗ ಎರಡನೆಯ ಸಲ ಹೇಳಬೇಕು. ಹೇಳಿದರೆ ಆಕೆ ಒತ್ತುತ್ತಾಳೆ. ಮಗನ ಮಾತೆಂದು ನಂಬಿ, ಮಗನ ಮಾತಿನ ಮೇಲೆಯೇ ಮಸಿ ಒತ್ತುತ್ತಾಳೆ.

"ಅವರೇ ಹೇಳಿ..." ಎಂದೆ. ಮುಂದಕ್ಕೆ ಬರಲಿಲ್ಲ.

"ಹೇಳವಾ."

"ಅವ್ವಾ, ಬ್ಯಾಡ. ಪ್ಲೀಸ್. ಕುಛ್ ಮತ್ ಬೋಲ್" ಅಂದಳು ನಮ್ರತಾ. ಆಕೆಗೆ ಗೊತ್ತಿತ್ತು. ಆಸ್ಪತ್ರೆಯಲ್ಲಿ ಅಪ್ಪನ ಮಂಚದ ಕೆಳಗೇ ಅಲ್ಲವೇ ಆಕೆ ಮಲಗಿದ್ದದ್ದು.

ನಾನು ಅತ್ತೆಯ ಎದುರು ಕೂತೆ.

"ಅತ್ತಿ, ನಿಮ್ಮ ಮಗ ಸುಡು ಅಂದಿಲ್ಲ. ಮಣ್ಣಾಗ ಇಡು ಅಂದ್ರು. ಪಾಸ್ಟರಿಗೆ ಕರಸು ಅಂದ್ರು. ನಾ ಹೂಂ ಅಂದು ಘಾಟಿಗೆ ಒಯ್ದೆ. ನನಗ ಅಂಜಿಕಿ ಆಯ್ತು. ಅವರು ಮಣ್ಣು ಕೇಳಿದ್ರು, ನಾ ಬೆಂಕಿಗೆ ಕೊಟ್ಟೆ. ನಿಮಗ ಸುಳ್ಳು ಹೇಳ್ದೆ."

ಅತ್ತೆ ನನ್ನನ್ನೇ ನೋಡಿದಳು. ಮಸಿ ಹತ್ತಿದ ಬೆರಳನ್ನು ಸೀರೆಗೆ ಒರೆಸಿಕೊಂಡಳು. ಎದ್ದು ಗೋಡೆ ಹಿಡಿದುಕೊಂಡು ಒಳಗೆ ಹೋದಳು. ನೆಲಕ್ಕೆ ಕೂತ ಸಪ್ಪಳ ಬಂತು.

"ಸಾಹೇಬ್, ಆಕೆಗೆ ತಲೆ ಸರಿ ಇಲ್ಲ" ಎಂದು ಗುಂಡಪ್ಪನವರು ಹಿಂದಿಯಲ್ಲಿ ಶುರು ಮಾಡಿದರು.

"ನನ್ನ ತಲೆ ಸರಿ ಇದೆ" ಎಂದೆ. ಅದನ್ನು ಹಿಂದಿಯಲ್ಲಿ ಹೇಳಿದೆ. ಆ ಭಾಷೆಯಲ್ಲಿ ನಾನು ಹೇಳಿದ ಮೊದಲ ನಿಜ ಅದೇ ಇರಬೇಕು. "ಬರೆದುಕೊಳ್ಳಿ ಸಾಹೇಬ್. ನಾನು ಕ್ರಿಶ್ಚಿಯನ್. ನನ್ನ ಗಂಡ ಕ್ರಿಶ್ಚಿಯನ್ ಆಗಿ ಸತ್ತ. ಆ ರಸೀದಿ ನನ್ನ ಹೇಡಿತನದ ರಸೀದಿ. ಅದನ್ನು ನನ್ನ ಧರ್ಮಕ್ಕೆ ಪುರಾವೆ ಮಾಡಬೇಡಿ. ಅದರ ಕೆಳಗೆ ಇದನ್ನೂ ಬರೆಯಿರಿ. ನಾನು ಮಾದಿಗರವಳು. ಏಸು ನನ್ನ ಕೈ ಹಿಡಿದ. ನಿಮ್ಮ ಕ್ಯಾಂಟೀನಿನವನು ಇವತ್ತಿಗೂ ನನ್ನ ಲೋಟ ಹಿಡಿಯುವುದಿಲ್ಲ. ಎರಡೂ ನಿಜ. ಒಂದು ಬಿಟ್ಟು ಒಂದು ಬರೆದರೆ ಅದು ಸುಳ್ಳು ಕಾಗದ, ಅದಕ್ಕೆ ನಾನು ಸಹಿ ಹಾಕುವುದಿಲ್ಲ."

ಸಾಹೇಬರು ಪೆನ್ನಿನ ಮುಚ್ಚಳ ತಿರುಗಿಸಿದರು.

"ಎರಡೂ ಬರೆಯಲು ಫಾರ್ಮಿನಲ್ಲಿ ಜಾಗ ಇಲ್ಲ, ತುಳಜಾಬಾಯಿ" ಎಂದರು.

"ಹಾಗಾದರೆ ಮೊದಲನೆಯದನ್ನು ಬರೆಯಿರಿ. ಎರಡನೆಯದನ್ನು ಊರೇ ಹೇಳುತ್ತದೆ."

ಹದಿನೈದು ದಿನಕ್ಕೆ ಆರ್ಡರು ಬಂತು. ಕೆಲಸದಿಂದ ಸಸ್ಪೆಂಡು. ಸುಳ್ಳು ಸರ್ಟಿಫಿಕೇಟಿನ ಮೇಲೆ ವಿಚಾರಣೆ. ಮೂರು ತಿಂಗಳೊಳಗೆ ಕ್ವಾರ್ಟರ್ಸು ಬಿಡಲು ನೋಟೀಸು. ಹದಿನಾಲ್ಕು ಬಾಗಿಲಿನ ಸಂಡಾಸಿಗೆ ನನ್ನ ಬದಲು ಗುತ್ತಿಗೆಯ ಹೆಂಗಸನ್ನು ಹಾಕಿದರು. ಆಕೆಯೂ ನಮ್ಮವಳೇ. ಆ ಕೆಲಸಕ್ಕೆ ಯಾರೂ ಜಾತಿ ಸರ್ಟಿಫಿಕೇಟ್ ಕೇಳುವುದಿಲ್ಲ, ನೋಡಿದ ಕೂಡಲೇ ಗೊತ್ತಾಗುತ್ತದೆ.

ನಮ್ರತಾ ಹಾಸ್ಟೆಲಿಗೆ ಹೋದಳು. ಬಟ್ಟೆ ತುಂಬುವಾಗ ಒಂದೇ ಮಾತು ಆಡಿದಳು. "ನಿನ್ನ ಮನಸ್ಸು ಹಗೂರ ಮಾಡ್ಕೊಂಡಿ ಅವ್ವಾ. ಆ ಭಾರ ಒಯ್ದು ನನ್ನ ಮ್ಯಾಲೆ ಇಟ್ಟಿ." ಗುಂಡಪ್ಪನವರು ಎದುರು ಸಿಕ್ಕರೆ ದಾರಿ ಬದಲಿಸುತ್ತಾರೆ. ಜೊತೆಯ ಬೌದ್ಧ ಹೆಂಗಸರು ಮಾತ್ರ ನಾಲ್ವರು ಮನೆಗೆ ಬಂದರು. ಕೋರ್ಟಿಗೆ ಹೋಗು, ನಾವು ಜೊತೆಗೆ ಬರುತ್ತೇವೆ ಎಂದರು. ಹೋಗುತ್ತೇನೆ. ಗೆಲ್ಲುತ್ತೇನೆ ಎಂದು ಯಾರೂ ಹೇಳಿಲ್ಲ.

ಸಾಹೇಬರು ಬಂದುಹೋದ ಮೇಲಿನ ಮೊದಲ ರವಿವಾರವೇ ಹತ್ತಿರದ ಸಭೆಗೆ ನಡೆದೇ ಹೋಗಿದ್ದೆ. ಸಾಕ್ಷಿಯ ಹೊತ್ತಿಗೆ ಎದ್ದು ನಿಂತು ಭೀಮಪ್ಪನಿಗೆ ನಾನು ಮಾಡಿದ್ದನ್ನು ಹೇಳಿದೆ. ಯಾರೂ ಕಣ್ಣೊರೆಸಿಕೊಳ್ಳಲಿಲ್ಲ. ಅತ್ತೆ ಎರಡು ಸಾಲು ಮುಂದೆ ಕೂತಿದ್ದಳು, ಹಿಂತಿರುಗಿ ನೋಡಲಿಲ್ಲ.

ಆಕೆ ಊರಿಗೆ ಹೋಗಿಲ್ಲ. ನಾನು ಮಾಡಿದ ರೊಟ್ಟಿ ಉಣ್ಣುತ್ತಾಳೆ. ನೀರು ಕೊಟ್ಟರೆ ಕುಡಿಯುತ್ತಾಳೆ. ಮಗನ ಸುದ್ದಿ ತೆಗೆಯುವುದಿಲ್ಲ. ಸಂಜೆ ಆರಕ್ಕೆ ಪ್ರಾರ್ಥನೆಗೆ ಮೊಣಕಾಲೂರುತ್ತಾಳೆ, ನಾನೂ ಪಕ್ಕದಲ್ಲಿ ಊರುತ್ತೇನೆ. ಮೊದಲಾದರೆ ಬಾಗಿಲು ಹಾಕಿ, ಟೀವಿ ದೊಡ್ಡದು ಮಾಡಿ, ಪಿಸುಮಾತಿನಲ್ಲಿ ಮಾಡುತ್ತಿದ್ದೆವು. ಈಗ ಬಾಗಿಲು ತೆರೆದೇ ಇರುತ್ತದೆ. ಆಕೆ ಗಟ್ಟಿಯಾಗಿ, ಒಬ್ಬೊಬ್ಬರ ಹೆಸರು ಹಿಡಿದು ಬೇಡುತ್ತಾಳೆ. ನಮ್ರತಾಳಿಗೆ ಬೇಡುತ್ತಾಳೆ. ಗುಂಡಪ್ಪನವರಿಗೆ ಬೇಡುತ್ತಾಳೆ. ಸಾಹೇಬರಿಗೆ, ಅವರ ಹೆಂಡತಿಗೆ. ಹೆಸರಿಲ್ಲದೆ ಅರ್ಜಿ ಹಾಕಿದವನಿಗೂ ಬೇಡುತ್ತಾಳೆ, ಅವನ ಮನಸ್ಸು ತಿರುಗಿಸು ತಂದೆ ಅನ್ನುತ್ತಾಳೆ.

ನನ್ನ ಹೆಸರು ಬರುವುದಿಲ್ಲ.

ಎರಡು ತಿಂಗಳಾಯಿತು. ದಿನಾ ಸಂಜೆ ಕಣ್ಣು ಮುಚ್ಚಿ ಕಾಯುತ್ತೇನೆ. ಇಷ್ಟರಲ್ಲಿ ಬರಬಹುದು, ಈ ಹೆಸರಾದ ಮೇಲೆ ಬರಬಹುದು ಎಂದು ಕಾಯುತ್ತೇನೆ. ಬರದೆಯೇ ಆಕೆ ಮುಗಿಸುತ್ತಾಳೆ. ಆಗ ರಸ್ತೆಯಲ್ಲಿ ಹೋಗುವವರಿಗೂ ಕೇಳುವಷ್ಟು ಗಟ್ಟಿಯಾಗಿ ನಾನು ಆಮೆನ್ ಅನ್ನುತ್ತೇನೆ.